ಐವತ್ತನೆಯ ಆವೃತ್ತಿ

ರಿಲೇ ಟೆಸ್ಟ್ ಕಿಟ್ ಬಳಸುವವರಿಗೆ ಕೈಪಿಡಿ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬಳಕೆಗೆ ಮಾತ್ರ. ಬೇರೆ ತಾಲ್ಲೂಕಿನವರು ಸ್ವಂತ ಜವಾಬ್ದಾರಿಯ ಮೇಲೆ ಓದಿಕೊಳ್ಳುವುದು.

ಮುನ್ನುಡಿ

ಈ ಪೆಟ್ಟಿಗೆಯ ಜೊತೆ ಒಂದು ಇಂಗ್ಲಿಷ್ ಕೈಪಿಡಿ ಬಂದಿತ್ತು. ಒಳ್ಳೆಯ ನುಣುಪು ಕಾಗದ, ಇಟ್ಟಿಗೆಯಷ್ಟು ದಪ್ಪ. ಅದನ್ನು ಕಂಟ್ರೋಲ್ ರೂಮಿನ ಮೇಜಿನ ಕುಂಟುಕಾಲಿನ ಕೆಳಗೆ ಇಟ್ಟಿದ್ದೇವೆ. ಮೇಜು ಆವತ್ತಿನಿಂದ ಅಲುಗಾಡಿಲ್ಲ, ಹಾಗಾಗಿ ಕೈಪಿಡಿ ಉಪಯೋಗಕ್ಕೆ ಬರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಮೇಜಿನ ಮೇಲೆ ಕೂತ ಪೆಟ್ಟಿಗೆಯನ್ನು ನಡೆಸುವುದಕ್ಕೂ ಒಂದು ಬೇಕಲ್ಲ, ಅದಕ್ಕೆ ಇದು.

ಪುಸ್ತಕದ ಮೇಲೆ ಎಷ್ಟನೆಯ ಆವೃತ್ತಿ ಎಂದು ಬರೆಯುವುದು ಪದ್ಧತಿ. ಶಾಲೆಯ ವಿಜ್ಞಾನದ ಮೇಷ್ಟ್ರು ಫ್ರೀಕ್ವೆನ್ಸಿಗೂ ಆವೃತ್ತಿ ಎಂದೇ ಹೇಳಿಕೊಟ್ಟಿದ್ದರಿಂದ ಇದು ಐವತ್ತನೆಯದು. ಮೊದಲ ನಲವತ್ತೊಂಬತ್ತು ಎಲ್ಲಿ ಎಂದು ಕೇಳಬೇಡಿ. ನಲವತ್ತೊಂಬತ್ತಕ್ಕೆ ಇಳಿದರೆ ಏನಾಗುತ್ತದೆ ಎನ್ನುವುದೇ ಈ ಪುಸ್ತಕದ ವಿಷಯ.

ಹಳೆಯ ಲೈನ್‌ಮನ್‌ಗಳು ಫ್ರೀಕ್ವೆನ್ಸಿ ಎನ್ನುವುದಿಲ್ಲ, ಆವೃತ್ತಿ ಎಂದಂತೂ ಸತ್ತರೂ ಎನ್ನುವುದಿಲ್ಲ. ‘ಸೈಕಲ್ಲು’ ಎನ್ನುತ್ತಾರೆ. ‘ಇವತ್ತು ಸೈಕಲ್ಲು ಕಮ್ಮಿ ಅದೆ’ ಎಂದರೆ ಸ್ಟ್ಯಾಂಡಿನಲ್ಲಿ ಗಾಡಿ ಕಳುವಾಗಿದೆ ಎಂದು ತಿಳಿಯಬಾರದು. ಈ ಕೈಪಿಡಿಯಲ್ಲಿ ಮೂರು ಮಾತೂ ಬರುತ್ತವೆ. ಅರ್ಥ ಒಂದೇ.

1. ಪೆಟ್ಟಿಗೆಯ ಸ್ವಭಾವ

ಇದು ಸುಳ್ಳು ಹೇಳುವ ಯಂತ್ರ. ಮುಚ್ಚುಮರೆ ಬೇಡ.

ಸ್ಟೇಷನ್ನಿನ ಪ್ಯಾನೆಲ್ಲಿನಲ್ಲಿ ಕೂತಿರುವ ರಿಲೇ ಹಗಲೂ ರಾತ್ರಿ ಲೈನಿನ ನಾಡಿ ಹಿಡಿದುಕೊಂಡಿರುತ್ತದೆ. ಹೊರಗೆ ಹನ್ನೊಂದು ಸಾವಿರ ವೋಲ್ಟು ಓಡುತ್ತಿದ್ದರೂ ಪಿಟಿ ಎಂಬುದು ಅದನ್ನು 110 ವೋಲ್ಟಿಗೆ ಇಳಿಸಿ ರಿಲೇಯ ಒಂದು ಕಿವಿಗೆ ಹೇಳುತ್ತದೆ. ನೂರಾರು ಆಂಪಿಯರನ್ನು ಸಿಟಿ ಎಂಬುದು ಒಂದೋ ಐದೋ ಆಂಪಿಯರಿಗೆ ಇಳಿಸಿ ಇನ್ನೊಂದು ಕಿವಿಗೆ ಹೇಳುತ್ತದೆ. ರಿಲೇ ಬಾಗಿಲಾಚೆ ಹೋದದ್ದಿಲ್ಲ, ಕಬ್ಬಿನ ಗದ್ದೆ ನೋಡಿದ್ದಿಲ್ಲ, ಮಳೆ ಬಂದದ್ದೂ ಅದಕ್ಕೆ ಗೊತ್ತಿಲ್ಲ. ಕಿವಿಗೆ ಬಿದ್ದದ್ದೇ ಅದರ ಲೋಕ. ಆ ಎರಡು ಕಿವಿಗಳಿಗೆ ಊರಿನ ತಂತಿ ತಪ್ಪಿಸಿ ನಮ್ಮ ಪೆಟ್ಟಿಗೆಯ ತಂತಿ ಸಿಕ್ಕಿಸಿದರೆ, ಆಮೇಲೆ ನಾವು ಹೇಳಿದ್ದೇ ಲೋಕ. ದೇಶದ ಅರ್ಧ ಜನರೇಟರುಗಳು ನಿಂತುಹೋದವು ಎಂದು ಹೇಳಬಹುದು. ರಿಲೇ ನಂಬುತ್ತದೆ, ಗಾಬರಿಯಾಗುತ್ತದೆ, ಬ್ರೇಕರ್ ಬೀಳಿಸಲು ಕೂಗುತ್ತದೆ. ಕೂಗಿತೋ ಇಲ್ಲವೋ, ಎಷ್ಟು ಹೊತ್ತಿಗೆ ಕೂಗಿತು ಎಂದು ನಾವು ಬರೆದುಕೊಳ್ಳುತ್ತೇವೆ. ಪರೀಕ್ಷೆ ಎಂದರೆ ಇಷ್ಟೇ.

ಆದರೆ ಊರಿನ ಸುಳ್ಳಿಗೂ ಈ ಸುಳ್ಳಿಗೂ ಒಂದು ವ್ಯತ್ಯಾಸ ಉಂಟು. ಚಹದಂಗಡಿಯ ಸುಳ್ಳಿಗೆ ಅಳತೆ ಬೇಕಿಲ್ಲ. ಇಲ್ಲಿ 49.40 ಎಂದು ಹೇಳಬೇಕಾದ ಕಡೆ 49.43 ಎಂದರೆ ಆ ಸುಳ್ಳು ಸುಳ್ಳಾಗಿಬಿಡುತ್ತದೆ.

2. ಐವತ್ತು ಎಂದರೆ ಯಾರ ಐವತ್ತು

ವೋಲ್ಟೇಜ್ ಊರಿನದು. ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಪಕ್ಕದ ಮನೆಯಲ್ಲಿ ಬಲ್ಬು ಉರಿಯುವ ಕಾಂತಿ ಬೇರೆ, ಲೈನಿನ ಕೊನೆಯ ತೋಟದ ಮನೆಯಲ್ಲಿ ಮಿಣುಕುವ ಕಾಂತಿ ಬೇರೆ. ಮುಖ ನೋಡಿ ಮಣೆ ಹಾಕುವ ಸ್ವಭಾವ ಅದಕ್ಕೆ. ಸೈಕಲ್ಲಿಗೆ ಆ ಭೇದವಿಲ್ಲ. ಈ ಗಳಿಗೆಯಲ್ಲಿ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮೋಟರಿಗೆ ಎಷ್ಟೋ, ದೆಹಲಿಯ ಮಂತ್ರಿಗಳ ಮನೆಯ ಫ್ಯಾನಿಗೂ ಅಷ್ಟೇ. ಸೆಕೆಂಡಿಗೆ ಐವತ್ತರ ಲೆಕ್ಕದಲ್ಲಿ ದಿನಕ್ಕೆ 43,20,000 ಸುತ್ತು, ಎಲ್ಲರೂ ಒಟ್ಟಿಗೆ.

ಇದು ಮೊದಲಿನಿಂದ ಹೀಗಿರಲಿಲ್ಲ. ದಕ್ಷಿಣದ ಗ್ರಿಡ್ ಬಹಳ ಕಾಲ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. 2012ರ ಜುಲೈ 30 ಮತ್ತು 31ರಂದು ಉತ್ತರದ ಗ್ರಿಡ್ ಕುಸಿದು ಕೋಟಿಗಟ್ಟಲೆ ಜನ ಕತ್ತಲಲ್ಲಿ ಕೂತಾಗ ನಮ್ಮ ಫ್ಯಾನುಗಳು ತಿರುಗುತ್ತಲೇ ಇದ್ದವು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಲೈನು ಸೇರಿಕೊಂಡಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಸೈಕಲ್ಲು.

ಇದರ ಚಿತ್ರ ಬೇಕಾದವರು ಯಳಂದೂರಿಗೆ ಹೋಗಿ ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಕೆಳಗೆ ನಿಂತು ಮೇಲೆ ನೋಡಬೇಕು. ಕಲ್ಲಿನಲ್ಲಿ ಕಡೆದ ಬಳೆಗಳು, ಒಂದರೊಳಗೆ ಒಂದು. ಪ್ರತಿ ಬಳೆಯೂ ಬೇರೆ, ಆದರೆ ಒಂದನ್ನು ಮುಟ್ಟಿದರೆ ಪಕ್ಕದ್ದಕ್ಕೆ ಗೊತ್ತಾಗುತ್ತದೆ. ಕಲ್ಲುಕುಟಿಗನಿಗೆ ಗ್ರಿಡ್ ಗೊತ್ತಿರಲಿಲ್ಲ ಎಂದು ನಾನು ಒಪ್ಪುವುದಿಲ್ಲ.

ಸೈಕಲ್ಲು ಇಳಿಯುವುದು ಯಾಕೆ? ಶಿವರಾತ್ರಿಯ ಜನವನ್ನು ತುಂಬಿಕೊಂಡ ಬಸ್ಸು ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟದ ಏರು ಹತ್ತುವುದನ್ನು ನೆನೆಯಿರಿ. ಭಾರ ಜಾಸ್ತಿಯಾಯಿತು, ಇಂಜಿನ್ನಿನ ದನಿ ತಗ್ಗಿತು. ಡ್ರೈವರು ಕಾಲು ಒತ್ತಿದ, ಇನ್ನೂ ತಗ್ಗಿತು. ಜನರೇಟರುಗಳೂ ಹಾಗೇ. ಬೇಡಿಕೆ ಜಾಸ್ತಿಯಾಗಿ ಉತ್ಪಾದನೆ ಸಾಲದೆ ಹೋದರೆ ದೇಶದ ಎಲ್ಲ ಟರ್ಬೈನುಗಳೂ ಒಟ್ಟಿಗೆ ನಿಧಾನವಾಗುತ್ತವೆ. ನಿಯಮದ ಪ್ರಕಾರ ಇರಬೇಕಾದ್ದು 49.90ರಿಂದ 50.05ರ ಒಳಗೆ. ಅದು ಮೀರಿ ಇಳಿಯುತ್ತಲೇ ಹೋದರೆ ಇಂಜಿನ್ನು ಆಫ್ ಆಗುವ ಮೊದಲು ಕಂಡಕ್ಟರು ಎದ್ದು ನಿಲ್ಲಬೇಕು: ‘ಗಟ್ಟಿಮುಟ್ಟಾಗಿ ಇರೋರು ಇಳ್ಕೊಂಡು ನಡೀರಪ್ಪ.’ ಆ ಕಂಡಕ್ಟರ ಹೆಸರು ಅಂಡರ್ ಫ್ರೀಕ್ವೆನ್ಸಿ ರಿಲೇ. ಒಂದಷ್ಟು ಫೀಡರುಗಳನ್ನು ಇಳಿಸಿ ಬಸ್ಸು ಉಳಿಸುವುದು ಅವನ ಕೆಲಸ. ಈಚಿನ ವರ್ಷಗಳಲ್ಲಿ ಅವನಿಗೆ ನಾಲ್ಕು ಮೆಟ್ಟಿಲು: 49.4, 49.2, 49.0, 48.8. ಒಂದೊಂದು ಮೆಟ್ಟಿಲಿಗೂ ಒಂದೊಂದು ಗುಂಪು ಇಳಿಯಬೇಕು.

ಕಂಡಕ್ಟರು ಎಚ್ಚರವಾಗಿದ್ದಾನೋ ತೂಕಡಿಸುತ್ತಿದ್ದಾನೋ ಎಂದು ನೋಡುವುದಕ್ಕೆ ನಾವು ಪೆಟ್ಟಿಗೆ ಹೊತ್ತುಕೊಂಡು ಬರುವುದು.

3. ಇಪ್ಪತ್ತೈದಕ್ಕೆ ಇಡಬೇಡಿ

ಈ ಪೆಟ್ಟಿಗೆಯ ಗುಂಡಿ ತಿರುಗಿಸಿ ಔಟ್‌ಪುಟ್ಟನ್ನು 25ಕ್ಕೂ ಇಡಬಹುದು. ಇಡಬೇಡಿ. ಇಡುವ ಆಸೆಯಾದರೆ ಕೊಳ್ಳೇಗಾಲದಿಂದ ಬಸ್ಸು ಹತ್ತಿ ಶಿವನಸಮುದ್ರಕ್ಕೆ ಹೋಗಿ ಬನ್ನಿ.

1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ದಾರಿ ಸುಮಾರು 147 ಕಿಲೋಮೀಟರು. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು, ಇಂಜಿನಿಯರ್ ದ ಲಾಟ್ಬಿನಿಯರ್ ಯೋಜನೆ ಹಾಕಿದರು. ಅಲ್ಲಿ ಹುಟ್ಟುತ್ತಿದ್ದದ್ದು ಇಪ್ಪತ್ತೈದು ಸೈಕಲ್ಲಿನ ಕರೆಂಟು. ಆ ಕಾಲದ ದೊಡ್ಡ ಮೋಟರುಗಳಿಗೂ ಉದ್ದದ ಲೈನುಗಳಿಗೂ ಕಡಿಮೆ ಸೈಕಲ್ಲು ಒಗ್ಗುತ್ತಿತ್ತು. ನಯಾಗರಾ ಜಲಪಾತದಲ್ಲೂ ಅಷ್ಟೇ ಇತ್ತು. ಗಣಿಯ ಯಂತ್ರ ಕಣ್ಣು ಮಿಟುಕಿಸುವುದಿಲ್ಲವಾದ್ದರಿಂದ ಅದಕ್ಕೆ ತೊಂದರೆಯಿಲ್ಲ. ಮನುಷ್ಯರ ದೀಪಕ್ಕೆ ಇಪ್ಪತ್ತೈದು ಸ್ವಲ್ಪ ಕಡಿಮೆಯೇ, ಬೆಳಕು ನಡುಗುವುದು ಕಣ್ಣಿಗೆ ತಿಳಿಯುತ್ತದೆ.

ಬೆಂಗಳೂರಿನ ಬೀದಿಗೆ 1905ರ ಆಗಸ್ಟ್ 5ರಂದು ದೀಪ ಬಂತು. ನಮಗೆ? ನಾವು ಹೊಳೆಯ ಈಚೆ ದಡ. ಶಿವನಸಮುದ್ರದ ಜಲಪಾತಗಳಲ್ಲಿ ಭರಚುಕ್ಕಿ ನಮ್ಮ ಕಡೆಗೆ, ಗಗನಚುಕ್ಕಿ ಮಳವಳ್ಳಿ ಕಡೆಗೆ. ಕೊಳ್ಳೇಗಾಲ ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿನದು. ಹನೂರು ಕೊಳ್ಳೇಗಾಲದ ಸೆರಗಿನಲ್ಲಿತ್ತು, ಅದಕ್ಕೆ ಸ್ವಂತ ತಾಲ್ಲೂಕು ಕಚೇರಿ ಸಿಕ್ಕಿದ್ದು ಮೊನ್ನೆ ಮೊನ್ನೆ. ಕೊಳ್ಳೇಗಾಲದ ನಾವು 1956ರಲ್ಲಿ ಮೈಸೂರಿನ ಕಡೆ ಬಂದೆವು. ನೀರು ಬೀಳುವ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದವರ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ, ನೂರೈವತ್ತು ಕಿಲೋಮೀಟರು ಆಚೆ ಭೂಮಿಯ ಹೊಟ್ಟೆಯೊಳಗೆ ವಿದ್ಯುತ್ತು. ಕರೆಂಟು ಮೊದಲು ಯಾರಿಗೆ ಎನ್ನುವ ಪ್ರಶ್ನೆ ಇಲ್ಲಿ ಹಳೆಯದು. ‘ಕಡಿತ ಮೊದಲು ಯಾರಿಗೆ’ ಎನ್ನುವ ಅದರ ತಮ್ಮನನ್ನು ಏಳನೆಯ ಅಧ್ಯಾಯದಲ್ಲಿ ಭೇಟಿಯಾಗೋಣ.

4. ಎಚ್ಚರಿಕೆಗಳು

ಅ. ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಳ್ಳದೆ ಯಾವ ತಂತಿಗೂ ಕೈ ಹಾಕಬೇಡಿ. ‘ಲೈನು ಆಫ್ ಆಗಿದೆಯಂತೆ’ ಎನ್ನುವಲ್ಲಿ ಆ ‘ಅಂತೆ’ ಇದೆಯಲ್ಲ, ಅದಕ್ಕೆ ಎಷ್ಟೋ ಮನೆಗಳು ಬಲಿಯಾಗಿವೆ.

ಆ. ಸಿಟಿಯ ತಂತಿಯನ್ನು ಬಿಚ್ಚುವ ಮೊದಲು ಎರಡು ತುದಿಗಳನ್ನೂ ಶಾರ್ಟ್ ಮಾಡಿ. ಹರಿಯುವ ಸಿಟಿಯ ಬಾಯಿ ತೆರೆದಿಟ್ಟರೆ ಅಲ್ಲಿ ಸಾವಿರಾರು ವೋಲ್ಟು ಹುಟ್ಟುತ್ತದೆ. ಪಿಟಿಯದು ಇದಕ್ಕೆ ತಿರುಗಾಮುರುಗ: ಅದನ್ನು ತೆರೆದಿಡಬಹುದು, ಶಾರ್ಟ್ ಮಾಡಬಾರದು. ಇವೆರಡನ್ನು ಅದಲುಬದಲು ಮಾಡಿದವನು ಮೂರನೆಯ ಸಲ ಮಾಡಿದ ದಾಖಲೆಯಿಲ್ಲ.

ಇ. ರಿಲೇಯ ಕೂಗನ್ನು ಬ್ರೇಕರಿಗೆ ಮುಟ್ಟಿಸುವ ಟ್ರಿಪ್ ಲಿಂಕ್ ತೆಗೆದಿಡಿ. ಇಲ್ಲದಿದ್ದರೆ ನೀವು ರಿಲೇಗೆ ಹೇಳಿದ ಸುಳ್ಳಿಗೆ ಊರಿನ ನಿಜವಾದ ಕರೆಂಟು ಹೋಗುತ್ತದೆ. ತೆಗೆದ ಲಿಂಕನ್ನು ಎಡ ಜೇಬಿನಲ್ಲಿ ಇಟ್ಟುಕೊಳ್ಳಿ. ಬಲ ಜೇಬಿನಲ್ಲಿ ಬೀಡಿ, ಬೆಂಕಿಪೊಟ್ಟಣ, ಚಿಲ್ಲರೆ ಇರುತ್ತದೆ.

ಈ. ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯುತ್ತದೆ ಎಂದು ಮನೆಗೆ ಫೋನು ಮಾಡಬೇಡಿ.

5. ಔಟ್‌ಪುಟ್ ಫ್ರೀಕ್ವೆನ್ಸಿ ಇಡುವ ಕ್ರಮ

ಒಂದನೆಯ ಹಂತ: ಪೆಟ್ಟಿಗೆ ಆನ್ ಮಾಡಿ, ಪರದೆಯ ಮೂಲೆಯಲ್ಲಿ ಏನು ಬರೆದಿದೆ ನೋಡಿ. 60 ಎಂದಿದ್ದರೆ ಗಾಬರಿಯಾಗಬೇಡಿ. ಅಮೆರಿಕದವರ ಲೆಕ್ಕ ಅದು, ಅವರ ಕಡೆಯ ಯಂತ್ರಗಳು ಹುಟ್ಟುವಾಗಲೇ ಅರವತ್ತನ್ನು ಹಣೆಯಲ್ಲಿ ಬರೆಸಿಕೊಂಡು ಬರುತ್ತವೆ. 50 ಮಾಡಿ, ಸೇವ್ ಮಾಡಿ. ರಿಲೇಯ ಒಳಗೂ ಇಂಥದೇ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನೂ ನೋಡಿ. ಇಬ್ಬರಲ್ಲಿ ಒಬ್ಬರು ಅರವತ್ತು ಎಂದುಕೊಂಡಿದ್ದರೆ ಆ ಸಂಸಾರ ಸಾಗುವುದಿಲ್ಲ.

ಎರಡನೆಯ ಹಂತ: ಐವತ್ತನ್ನು ಎಲ್ಲಿಂದ ತರುತ್ತೀರಿ? ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಸ್ಫಟಿಕದ ಗಡಿಯಾರವಿದೆ, ಅದರಿಂದ ತರಬಹುದು. ಗೋಡೆಯ ಸಾಕೆಟ್ಟಿನ ಕರೆಂಟನ್ನು ಅನುಸರಿಸು ಎಂದೂ ಹೇಳಬಹುದು. ಎರಡನೆಯದನ್ನು ಆರಿಸಿಕೊಂಡರೆ ಗ್ರಿಡ್ 49.96 ಇದ್ದಾಗ ನಿಮ್ಮದೂ 49.96. ಸ್ಟೇಷನ್ನಿನಲ್ಲಿ ಕರೆಂಟಿಲ್ಲದೆ ಡೀಸೆಲ್ ಜನರೇಟರ್ ಹಾಕಿಕೊಂಡಿದ್ದರೆ ಅದರ ಓಲಾಟವೆಲ್ಲ ನಿಮ್ಮ ಅಳತೆಯೊಳಗೆ ಬರುತ್ತದೆ. ತಕ್ಕಡಿಗೆ ಬಟ್ಟು ಬೇಕಾದರೆ ಅಂಗಡಿಯ ಅಕ್ಕಿಯನ್ನೇ ಬಟ್ಟಾಗಿ ಇಡುತ್ತಾರೆಯೆ? ಒಳಗಿನ ಗಡಿಯಾರವನ್ನೇ ಆರಿಸಿ.

ಮೂರನೆಯ ಹಂತ: ವೋಲ್ಟೇಜ್ 110, ಫ್ರೀಕ್ವೆನ್ಸಿ 50.000. ಔಟ್‌ಪುಟ್ ಆನ್. ಈಗ ಏನೂ ಮಾಡಬೇಡಿ. ಹೊಸದಾಗಿ ಬಂದ ಸೊಸೆ ಮನೆಯನ್ನು ಒಂದು ಸುತ್ತು ನೋಡಿಕೊಳ್ಳುವ ಹಾಗೆ ರಿಲೇಗೆ ಸ್ವಲ್ಪ ಹೊತ್ತು ಬಿಡಿ. ಎಲ್ಲ ಸರಿಯಾಗಿದೆ ಎಂದು ಅದಕ್ಕೆ ನಂಬಿಕೆ ಬರಲಿ. ಸುಳ್ಳು ಹೇಳುವ ಮೊದಲು ನಿಜದಿಂದ ಶುರುಮಾಡಬೇಕು.

ನಾಲ್ಕನೆಯ ಹಂತ: ಇಳಿಸಿ. ಇಲ್ಲಿ ಸ್ವಲ್ಪ ನಿಲ್ಲೋಣ, ತಪ್ಪು ಆಗುವುದೆಲ್ಲ ಇಲ್ಲೇ. ಐವತ್ತು ಸೈಕಲ್ಲಿನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡು. 49.4ರಲ್ಲಿ 20.24. ವ್ಯತ್ಯಾಸ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಕಾಲು ಭಾಗ. ಹನೂರಿನ ಒಂದು ಫೀಡರ್ ಉರಿಯಬೇಕೋ ಆರಬೇಕೋ ಎನ್ನುವ ತೀರ್ಮಾನ ನಿಂತಿರುವುದು ಆ ಕಾಲು ಭಾಗದ ಮೇಲೆ. ರಿಲೇ ಒಂದೇ ಸುತ್ತು ನೋಡಿ ಕೂಗುವುದಿಲ್ಲ. ನಾಲ್ಕಾರು ಸುತ್ತು ಎಣಿಸಿ ಖಾತ್ರಿ ಮಾಡಿಕೊಂಡು, ಆಮೇಲೆ ತನಗೆ ಹೇಳಿಕೊಟ್ಟಷ್ಟು ಹೊತ್ತು, 150 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ, ಕಾದು ಕೂಗುತ್ತದೆ. ನೀವು ಊಟದ ಅವಸರದಲ್ಲಿ ಸೆಕೆಂಡಿಗೆ ಒಂದು ಹರ್ಟ್ಸ್ ವೇಗದಲ್ಲಿ ಜಾರಿಸಿದರೆ ಅದು ಎಣಿಸಿ, ಕಾದು, ಬಾಯಿ ತೆರೆಯುವ ಹೊತ್ತಿಗೆ ನೀವು 49.2ರ ಹತ್ತಿರ ಇರುತ್ತೀರಿ. ‘49.40ಕ್ಕೆ ಇಟ್ಟ ರಿಲೇ 49.2ಕ್ಕೆ ಬಿತ್ತು, ಕೆಟ್ಟಿದೆ, ಬದಲಾಯಿಸಿ’ ಎಂದು ವರದಿ ಬರೆದು ಸಹಿ ಹಾಕುತ್ತೀರಿ. ರಿಲೇಗೆ ಬಾಯಿಲ್ಲ, ಇದ್ದಿದ್ದರೆ ‘ನೀನು ಓಡಿದೆ ಸ್ವಾಮಿ, ನಾನು ಎಣಿಸುತ್ತಿದ್ದೆ’ ಎನ್ನುತ್ತಿತ್ತು.

ಹಾಗಾಗಿ 50ರಿಂದ 49.45ಕ್ಕೆ ಬನ್ನಿ. ಅಲ್ಲಿಂದ 0.01ರ ಲೆಕ್ಕದಲ್ಲಿ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಒಂದು ಸೆಕೆಂಡು ನಿಲ್ಲಿ. 49.44. 49.43. ಬೆಟ್ಟದ ಮೆಟ್ಟಿಲು ಇಳಿಯುವ ಅಜ್ಜಿಯ ಹಾಗೆ. 49.40ಕ್ಕೆ ‘ಟಕ್’ ಎಂದರೆ ಬರೆದುಕೊಳ್ಳಿ. ಹಾಗೇ ಮೇಲೆ ಬನ್ನಿ, ಎಲ್ಲಿ ಬಿಟ್ಟಿತು ಅದನ್ನೂ ಬರೆಯಿರಿ.

ಐದನೆಯ ಹಂತ: ಹೊತ್ತು ಅಳೆಯುವುದಕ್ಕೆ 50ರಿಂದ ಒಮ್ಮೆಗೇ 49.3ಕ್ಕೆ ನೆಗೆಯಬೇಕು. ನೆಗೆಯುವಾಗ ಅಲೆಯ ಕೊಂಡಿ ಕಳಚಬಾರದು. ಹಳೆಯ ಅಲೆ ಬಿಟ್ಟ ಜಾಗದಿಂದಲೇ ಹೊಸ ಅಲೆ ಹೊರಡಬೇಕು. ನಡುವೆ ಕೋನ ಹಾರಿದರೆ ರಿಲೇ ಅದನ್ನೂ ಫ್ರೀಕ್ವೆನ್ಸಿಯೆಂದೇ ಭ್ರಮಿಸಿ ತಪ್ಪು ಹೊತ್ತು ತೋರಿಸುತ್ತದೆ.

ಆರನೆಯ ಹಂತ: ವೋಲ್ಟೇಜನ್ನು ಚೆನ್ನಾಗಿ ತಗ್ಗಿಸಿ, ಫ್ರೀಕ್ವೆನ್ಸಿಯನ್ನೂ ತಗ್ಗಿಸಿ. ಈಗ ರಿಲೇ ಕೂಗಬಾರದು. ಪಿಟಿಯ ಫ್ಯೂಸು ಹೋದದ್ದಕ್ಕೆಲ್ಲ ದೇಶಕ್ಕೆ ಕಷ್ಟ ಬಂತು ಎಂದು ಬೊಬ್ಬೆ ಹೊಡೆಯುವವನು ಒಳ್ಳೆಯ ಕಾವಲುಗಾರನಲ್ಲ.

6. ದೋಷ ಮತ್ತು ಪರಿಹಾರ

ಇಂಗ್ಲಿಷ್ ಕೈಪಿಡಿಗಳಲ್ಲಿ ಈ ಭಾಗ ಒಂದು ಕೋಷ್ಟಕವಾಗಿರುತ್ತದೆ: ಎಡಗಡೆ ದೋಷ, ಬಲಗಡೆ ಪರಿಹಾರ, ಕೊನೆಯ ಸಾಲಿನಲ್ಲಿ ‘ಮಾರಾಟಗಾರರನ್ನು ಸಂಪರ್ಕಿಸಿ’. ನಮ್ಮಲ್ಲಿ ಅದು ಒಂದು ಮಧ್ಯಾಹ್ನ.

ಸ್ಟೇಷನ್ನಿನ ಹೆಸರು ಬೇಡ. ಬೆಳಿಗ್ಗೆ ಅಂಡರ್ ಫ್ರೀಕ್ವೆನ್ಸಿ ರಿಲೇಯ ಕೊನೆಯ ಮೆಟ್ಟಿಲು, 48.8, ಮುಗಿಸಿದೆ. ಎಲ್ಲ ಲಕ್ಷಣವಾಗಿ ಬಂತು. ಊಟವಾಯಿತು. ಆಮೇಲೆ ಪಕ್ಕದ ಪ್ಯಾನೆಲ್ಲಿನ ಡೈರೆಕ್ಷನಲ್ ರಿಲೇ. ಕರೆಂಟು ಲೈನಿನ ಕಡೆಗೆ ಹರಿಯುತ್ತಿದೆಯೋ ಸ್ಟೇಷನ್ನಿನ ಬಸ್‌ಬಾರಿನ ಕಡೆಗೋ ಎಂದು ಹೇಳುವ ರಿಲೇ ಅದು. ವೋಲ್ಟೇಜ್ ಕೊಟ್ಟೆ, ಕರೆಂಟು ಕೊಟ್ಟೆ. ಮುಂದೆ ಎಂದು ತೋರಿಸುವ ಕೆಂಪು ದೀಪ ಹತ್ತಿತು. ಸರಿ ಎನ್ನುವಷ್ಟರಲ್ಲಿ ಆರಿತು. ಮತ್ತೆ ಹತ್ತಿತು. ಮತ್ತೆ ಆರಿತು. ಮುಂದೆ, ಹಿಂದೆ, ಮುಂದೆ, ಹಿಂದೆ. ಒಂದೇ ಹದಕ್ಕೆ, ನಿಲ್ಲದೆ.

ತಂತಿ ಬಿಚ್ಚಿ ಕಟ್ಟಿದೆ. ಸ್ಕ್ರೂ ಬಿಗಿ ಮಾಡಿದೆ. ರಿಲೇ ಆಫ್ ಮಾಡಿ ಆನ್ ಮಾಡಿದೆ. ಡ್ರಾಯಿಂಗ್ ಹರಡಿಕೊಂಡು ಮಂಡಿಯೂರಿ ಕೂತೆ. ಎಲ್‌ಸಿ ನಾಲ್ಕು ಗಂಟೆಗೆ ವಾಪಸ್ಸು ಕೊಡಬೇಕು, ಮೂರು ಹತ್ತಾಯಿತು. ಆಪರೇಟರ್ ಎರಡು ಸಲ ಬಾಗಿಲಲ್ಲಿ ಬಂದು ಕೆಮ್ಮಿ ಹೋದರು. ರಿಲೇ ಹಾಳಾಗಿದೆ ಎಂದು ನಾನು ಮನಸ್ಸಿನಲ್ಲೇ ವರದಿ ಬರೆಯಲು ಶುರುಮಾಡಿದ್ದೆ.

ನಮ್ಮ ಜೊತೆ ಪೆಟ್ಟಿಗೆ ಹೊರುವುದಕ್ಕೆ ಒಬ್ಬ ಹುಡುಗ ಬರುತ್ತಿದ್ದ, ಹನೂರಿನ ಆಚೆಯವನು. ಅವರ ಮನೆಯವರು ದೇವರ ಗುಡ್ಡರು, ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡುವವರು. ಅವನು ಗೋಡೆಗೆ ಒರಗಿ ಆ ದೀಪವನ್ನೇ ನೋಡುತ್ತಿದ್ದ. ಅವನ ಎಡಗೈ ಬಟ್ಟಲ ಹಾಗೆ ಮಡಚಿತ್ತು, ಬಲಗೈ ಅದರ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ದೀಪಕ್ಕೆ ತಾಳ ಹಾಕುತ್ತಿದ್ದ.

‘ಸಾ, ಇದು ಕೆಟ್ಟಿಲ್ಲ ಕನಾ. ಕೆಟ್ಟದ್ದು ಹಿಂಗೆ ಒಂದೇ ಸಮ ಹೊಡೆಯಲ್ಲ. ಇಬ್ರು ತಾಳ ಹಾಕ್ತಾವ್ರೆ, ಒಬ್ಬ ಒಂಚೂರು ನಿಧಾನ. ಸೇರ್ತಾರೆ, ಬುಡ್ತಾರೆ, ಸೇರ್ತಾರೆ, ಬುಡ್ತಾರೆ.’

ಎದ್ದು ಪೆಟ್ಟಿಗೆಯ ಪರದೆ ನೋಡಿದೆ. ಕರೆಂಟಿನ ಸಾಲಿನಲ್ಲಿ 50.000. ವೋಲ್ಟೇಜಿನ ಸಾಲಿನಲ್ಲಿ ಬೆಳಗಿನ 48.800 ಹಾಗೇ ಕೂತಿತ್ತು.

ಎರಡರ ನಡುವೆ 1.2 ಹರ್ಟ್ಸ್ ವ್ಯತ್ಯಾಸ. ಅಂದರೆ ಇವೆರಡರ ಕೋನ ಒಂದು ಪೂರ್ತಿ ಸುತ್ತು ಹಾಕುವುದಕ್ಕೆ ಸೆಕೆಂಡಿನ ಆರರಲ್ಲಿ ಐದು ಪಾಲು. ಆ ಸುತ್ತಿನ ಒಂದರ್ಧ ಕರೆಂಟು ಮುಂದೆ ಹೋದಂತೆ ಕಾಣುತ್ತದೆ, ಇನ್ನೊಂದರ್ಧ ಹಿಂದೆ. ರಿಲೇ ಪ್ರಾಮಾಣಿಕವಾಗಿ ಕಂಡದ್ದನ್ನೇ ಹೇಳುತ್ತಿತ್ತು. ನಾನು ಅದರ ಒಂದು ಕಿವಿಗೆ ಒಂದು ಲೋಕ, ಇನ್ನೊಂದು ಕಿವಿಗೆ ಇನ್ನೊಂದು ಲೋಕ ಹೇಳುತ್ತಿದ್ದೆ. ವೋಲ್ಟೇಜಿನ ಸಾಲನ್ನು 50.000 ಮಾಡಿದೆ. ಕೆಂಪು ದೀಪ ಹತ್ತಿ ಗಟ್ಟಿಯಾಗಿ ನಿಂತಿತು. ಹುಡುಗನ ಕೈಯೂ ನಿಂತಿತು.

ಪರಿಹಾರ: ಎಲ್ಲ ಸಾಲುಗಳಲ್ಲೂ ಫ್ರೀಕ್ವೆನ್ಸಿ ಒಂದೇ ಇದೆಯೇ ನೋಡಿ. ಕೋನ ಎನ್ನುವ ಮಾತಿಗೆ ಅರ್ಥ ಬರುವುದೇ ಆಮೇಲೆ. ಇಬ್ಬರ ಹೆಜ್ಜೆಯ ವೇಗ ಒಂದೇ ಇದ್ದರೆ ಒಬ್ಬ ಎಷ್ಟು ಮುಂದಿದ್ದಾನೆ ಎಂದು ಹೇಳಬಹುದು. ವೇಗವೇ ಬೇರೆಯಾದರೆ ‘ಎಷ್ಟು ಮುಂದೆ’ ಎಂಬ ಪ್ರಶ್ನೆಗೆ ಗಳಿಗೆಗೊಂದು ಉತ್ತರ.

7. ಸಾರ್ವಜನಿಕರು ಕೇಳುವ ಪ್ರಶ್ನೆಗಳು

ಸ್ಟೇಷನ್ನಿನ ಗೇಟಿಗೆ ಒರಗಿ ನಿಂತವರು ಕೇಳುತ್ತಾರೆ. ಉತ್ತರ ಸಿದ್ಧವಿಟ್ಟುಕೊಳ್ಳಿ.

ಪ್ರ: ಕರೆಂಟು ಯಾವಾಗ ಬರ್ತದೆ?
ಉ: ಈ ಪೆಟ್ಟಿಗೆಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಗೊತ್ತು, ಗಂಟೆ ಗೊತ್ತಿಲ್ಲ.

ಪ್ರ: ಸೈಕಲ್ಲು ಕಮ್ಮಿಯಾದ್ರೆ ನಮ್ಮ ಪಂಪ್‌ಸೆಟ್ ಮೋಟ್ರು ಸುಟ್ಟೋಗ್ತದಾ?
ಉ: ಸಿಂಕ್ರೊನಸ್ ವೇಗ 1500 ಸುತ್ತಿನ ಮೋಟರು 49ರಲ್ಲಿ 1470ರ ಲೆಕ್ಕಕ್ಕೆ ಇಳಿಯುತ್ತದೆ. ನೀರು ನೂರು ಕೊಡದ ಜಾಗದಲ್ಲಿ ತೊಂಬತ್ತೆಂಟರ ಹತ್ತಿರ. ಅಷ್ಟಕ್ಕೆ ಸುಡುವುದಿಲ್ಲ. ಮೋಟರು ಸುಡುವುದು ಬಹುಪಾಲು ವೋಲ್ಟೇಜ್ ತೀರಾ ಇಳಿದಾಗ, ಇಲ್ಲವೇ ಮೂರು ಫೇಸಿನಲ್ಲಿ ಒಂದು ಹೋಗಿ ಎರಡರಲ್ಲೇ ಏದುಸಿರು ಬಿಡುವಾಗ. ಸೈಕಲ್ಲಿನ ಮೇಲೆ ಸುಮ್ಮನೆ ಅಪವಾದ.

ಪ್ರ: ಸೈಕಲ್ಲು ಜಾಸ್ತಿ ಆಗೋದೂ ಉಂಟಾ?
ಉ: ಉಂಟು. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿದ್ದು ನೆನಪಿದೆಯಲ್ಲ? ದೇಶದ ಬೇಡಿಕೆ ಸುಮಾರು 31,000 ಮೆಗಾವಾಟ್ ಕುಸಿಯಿತು. ಜಲವಿದ್ಯುತ್ ಕೇಂದ್ರಗಳವರು ಮೊದಲೇ ತಯಾರಾಗಿದ್ದು ಸರಸರ ಇಳಿಸಿ ಮತ್ತೆ ಸರಸರ ಏರಿಸಿದರು. ಆ ಹೊತ್ತಿನಲ್ಲಿ ಸೈಕಲ್ಲು ಮೇಲೆ 50.26, ಕೆಳಗೆ 49.70. ನಾವು ಹಣತೆ ಹಚ್ಚಿಕೊಂಡು ಕೂತಿದ್ದೆವು, ಅವರು ಆವತ್ತು ಮೀಟರು ನೋಡಿಕೊಂಡು ಕೂತಿದ್ದರು.

ಪ್ರ: ಕಂಡಕ್ಟರು ಇಳಿಸೋದು ಯಾರನ್ನ?

ಇದನ್ನು ಕೇಳಿದವರು ಒಬ್ಬ ಹಿರಿಯರು, ಬಸ್ಸಿನ ಉಪಮೆ ನಾನೇ ಹೇಳಿ ಸಿಕ್ಕಿಬಿದ್ದೆ. ಉತ್ತರ: ಆಸ್ಪತ್ರೆ, ನೀರು ಸರಬರಾಜಿನಂಥ ಫೀಡರುಗಳನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಉಳಿದದ್ದರಲ್ಲಿ ಪಟ್ಟಿ ಮಾಡುತ್ತಾರೆ. ಪಟ್ಟಿಯಲ್ಲಿ ಹಳ್ಳಿಯ ಫೀಡರುಗಳು ಮುಂದೆ ಕೂತಿರುವುದನ್ನು ನಾನು ಕಂಡಷ್ಟು, ಪೇಟೆಯ ಮಾಲುಗಳು ಕೂತಿರುವುದನ್ನು ಕಂಡಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಟ್ಟಿಮುಟ್ಟಾಗಿರೋರು ಅಂದ್ರಲ್ಲ ನೀವು. ನಮ್ಮನ್ನ ನೋಡಿದ್ರೆ ಹಂಗೆ ಕಾಣ್ತದಾ?’ ಎಂದರು. ಇದಕ್ಕೆ ಉತ್ತರ ಈ ಆವೃತ್ತಿಯಲ್ಲಿ ಸೇರಿಲ್ಲ.

ರಿಲೇಗೆ ಹನೂರು ಗೊತ್ತಿಲ್ಲ, ಬೆಂಗಳೂರೂ ಗೊತ್ತಿಲ್ಲ. ಎಣಿಕೆಯಲ್ಲಿ ಅದು ಎಲ್ಲರಿಗೂ ಸಮ. ಯಾವ ಪ್ಯಾನೆಲ್ಲಿಗೆ ಯಾವ ಮೆಟ್ಟಿಲು ಎಂದು ಬರೆಯುವ ಕೈ ಮನುಷ್ಯರದು. ಆ ಕೈಗೆ ಪರೀಕ್ಷೆ ಮಾಡುವ ಪೆಟ್ಟಿಗೆ ಇನ್ನೂ ಬಂದಿಲ್ಲ. ನಮ್ಮ ಕೈಲಾದದ್ದು ಇಷ್ಟು: ಇಳಿಯುವ ಸರದಿ ಬಂದಾಗ ಈ ರಿಲೇ ಹೇಳಿದ ಸೈಕಲ್ಲಿಗೇ ಇಳಿಸಲಿ. ಅದಕ್ಕಿಂತ ಮೊದಲು ಇಳಿಸಿದರೆ ಹನೂರಿಗೆ ಸುಮ್ಮಸುಮ್ಮನೆ ಕತ್ತಲು. ತಡವಾಗಿ ಇಳಿಸಿದರೆ ಬಸ್ಸೇ ನಿಂತು ಎಲ್ಲರಿಗೂ ಕತ್ತಲು.

8. ಮುಗಿಸುವ ಕ್ರಮ

ಔಟ್‌ಪುಟ್ ಆಫ್ ಮಾಡಿ. ಪೆಟ್ಟಿಗೆಯ ತಂತಿ ಬಿಚ್ಚಿ. ಪಿಟಿ, ಸಿಟಿ ಮೊದಲಿನಂತೆ ಕಟ್ಟಿ, ಸಿಟಿಯ ಶಾರ್ಟ್ ತೆಗೆಯಿರಿ. ರಿಲೇಯ ಧ್ವಜಗಳನ್ನೆಲ್ಲ ರೀಸೆಟ್ ಮಾಡಿ, ಅದಕ್ಕೆ ಹೇಳಿದ ಕೆಟ್ಟ ಸುದ್ದಿಗಳನ್ನೆಲ್ಲ ಅದು ಮರೆಯಲಿ.

ಈಗ ಎಡ ಜೇಬು ಮುಟ್ಟಿ ನೋಡಿಕೊಳ್ಳಿ.

ಟ್ರಿಪ್ ಲಿಂಕ್ ಅಲ್ಲೇ ಇದ್ದರೆ ನಿಮ್ಮ ಇಡೀ ದಿನದ ಕೆಲಸ ನೀರಿನಲ್ಲಿ ಹೋಮ. ರಿಲೇ ಎಲ್ಲವನ್ನೂ ಕಂಡು, ಸರಿಯಾಗಿ ಎಣಿಸಿ, ಸರಿಯಾದ ಹೊತ್ತಿಗೆ ಕೂಗುತ್ತದೆ. ಬ್ರೇಕರಿಗೆ ಅದು ಕೇಳಿಸುವುದಿಲ್ಲ. ಲಿಂಕ್ ಹಾಕಿ. ಹಾಕಿದ್ದನ್ನು ಇನ್ನೊಬ್ಬರಿಗೆ ತೋರಿಸಿ. ಆಮೇಲೆ ಎಲ್‌ಸಿ ವಾಪಸ್ಸು ಕೊಡಿ.

9. ಈ ಕೈಪಿಡಿಯನ್ನು ಇಡುವ ಜಾಗ

ಮೇಜಿಗೆ ನಾಲ್ಕು ಕಾಲು. ಒಂದರ ಕೆಳಗೆ ಈಗಾಗಲೇ ಇಂಗ್ಲಿಷ್ ಕೈಪಿಡಿಯಿದೆ. ಇದೂ ಅಲ್ಲಿಗೇ ಸೇರುತ್ತದೆಂದು ಬಲ್ಲೆ, ಆದ್ದರಿಂದ ಆಸೆ ಇಟ್ಟುಕೊಂಡಿಲ್ಲ.

ಆ ಮಧ್ಯಾಹ್ನದ ಮಾರನೆಯ ದಿನ ಪೆಟ್ಟಿಗೆ ತೆರೆದಾಗ ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದ ಅಕ್ಷರ ಕಂಡಿತು. ಟಿಸಿಗಳಿಗೆ ನಂಬರು ಬರೆಯುವ ಬ್ರಷ್ಷಿನಲ್ಲಿ ಹುಡುಗ ಬರೆದಿದ್ದ, ಸ್ವಲ್ಪ ಸೊಟ್ಟ: ‘ತಾಳ ಒಂದಾ?’ ಬೈಯಬೇಕೆಂದುಕೊಂಡೆ, ಲಕ್ಷಗಟ್ಟಲೆಯ ಪೆಟ್ಟಿಗೆ. ಬೈಯುವ ಮೊದಲು ಎಂಟೂ ಸಾಲುಗಳ ಫ್ರೀಕ್ವೆನ್ಸಿ ನೋಡಿಕೊಂಡೆ. ಆಮೇಲೆ ಬೈಯುವುದು ಮರೆತುಹೋಯಿತು.

ಈ ಪುಟಗಳನ್ನು ಓದದಿದ್ದರೂ ನಡೆಯುತ್ತದೆ. ಮುಚ್ಚಳ ಓದಿ.